ಒಂಟಿ ಕೈಗೆ ಒಗ್ಗುವ ವೇಪ್

ಸಿಗರೇಟಿನ ಬದಲು ಎಳೆದು ಬಿಸಾಕುವ ವೇಪ್‌ಗಳನ್ನು ಜೂನ್‌ನಿಂದ ಯಾರೂ ಮಾರಕೂಡದು ಎಂದು ಸರ್ಕಾರ ಹೇಳಿದ್ದೇ ತಡ, ಲೊರೇನ್ ಅರವತ್ತು ವೇಪ್ ಕೊಂಡು ತಂದು ಮನೆಯಲ್ಲಿ ಅಡಗಿಸಿಟ್ಟಳು. ಎಲ್ಲಿ ಎಂದರೆ, ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ, ಮಡಿಸಿಟ್ಟ ಟವೆಲ್‌ಗಳ ನಡುವೆ. ಇಂಗ್ಲೆಂಡಿನ ಬಂದರು ಊರಾದ ಗ್ರಿಮ್ಸ್‌ಬಿಯ ಹೆಂಗಸರು ಆ ಕಪಾಟನ್ನು ನಂಬಿದಷ್ಟು ಚರ್ಚನ್ನೂ ನಂಬುವುದಿಲ್ಲ. ಒಣಗದ ಕಾಲುಚೀಲ, ಉಬ್ಬಬೇಕಾದ ಹಿಟ್ಟು, ಮಕ್ಕಳ ಕಣ್ಣಿಗೆ ಬೀಳಬಾರದ ಕ್ರಿಸ್‌ಮಸ್ ಉಡುಗೊರೆ, ಎಲ್ಲವೂ ಹೋಗುವುದು ಅಲ್ಲಿಗೇ. ಬೆಚ್ಚಗಿರುತ್ತದೆ, ಒಣಗಿರುತ್ತದೆ, ಯಾರೂ ಕೆದಕುವುದಿಲ್ಲ. ವೇಪ್‌ನೊಳಗೆ ಬ್ಯಾಟರಿ ಇದೆ, ಹಣ್ಣಿನ ಪರಿಮಳದ ನಿಕೋಟಿನ್ ರಸ ಇದೆ, ಅವಕ್ಕೆ ಬೆಚ್ಚಗಿನ ಜಾಗ ಆಗಿಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಜುಲೈ ಮೊದಲ ವಾರ, ಕೈ ಹಾಕಿದಾಗ ಬೆರಳಿಗೆ ಅಂಟು ಅಂಟಾದ ಮೇಲೆ. ರಸ ಸೋರಿ ಟವೆಲ್‌ಗಳೆಲ್ಲ ಕಂದು ಬಣ್ಣವಾಗಿದ್ದವು. ಅರವತ್ತರಲ್ಲಿ ಎಳೆದರೆ ದೀಪ ಹೊತ್ತಿದ್ದು ಹನ್ನೊಂದಕ್ಕೆ ಮಾತ್ರ.

"ಬೆಳಿಗ್ಗೆ ಮೈ ಒರೆಸ್ಕೊಂಡ್ನಲ್ಲ," ಎಂದ ಅವಳ ಗಂಡ ನೆವಿಲ್, "ಈಗ್ಲೂ ನನ್ನ ಕುತ್ತಿಗೆ ಸ್ಟ್ರಾಬೆರಿ ಜ್ಯಾಮ್ ವಾಸನೆ ಹೊಡೀತಿದೆ. ಯಾರಾದ್ರೂ ಬ್ರೆಡ್ಡಿಗೆ ಹಚ್ಕೊಂಡು ತಿಂದುಬಿಟ್ಟಾರು."

ಲೊರೇನ್ ನಗಲಿಲ್ಲ. ಅಂಟಾದ ಟವೆಲ್‌ಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಗುವ ಹೊತ್ತು ಅದಲ್ಲ, ಏಕೆಂದರೆ ಆ ವೇಪ್‌ಗಳ ಮೇಲೆ ನೆವಿಲ್‌ನ ಕಾಲಿನ ಗತಿಯೇ ನಿಂತಿತ್ತು.

ಅವನಿಗೆ ಅರವತ್ತೇಳು. ಹದಿನೈದನೆಯ ವಯಸ್ಸಿಗೆ ಮೀನಿನ ಹಡಗು ಹತ್ತಿದವನು, ಹಡಗುಗಳೇ ಇಲ್ಲವಾದ ಮೇಲೆ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತವನು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ ಪೂರ್ತಿ ಬಿದ್ದುಹೋಯಿತು. ಎಡಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಇಡಬಲ್ಲ, ಅಷ್ಟೆ. ಅದೇ ಸಾಲದು ಎಂಬಂತೆ ಈ ಚಳಿಗಾಲದಲ್ಲಿ ಬಲಗಾಲಿನ ರಕ್ತನಾಳ ಕಟ್ಟಿಕೊಂಡು ಎರಡು ಬೆರಳು ಕಪ್ಪಾಗಿದ್ದವು. ಶಸ್ತ್ರಚಿಕಿತ್ಸಕನ ಮಾತು ನೇರವಾಗಿತ್ತು. ತೊಡೆಯಿಂದ ಒಂದು ನಾಳ ತೆಗೆದು ಕೆಳಗೆ ಜೋಡಿಸಿದರೆ ಕಾಲು ಉಳಿಯುತ್ತದೆ. ಆದರೆ ಸಿಗರೇಟು ಸೇದುವವರಿಗೆ ಜೋಡಿಸಿದ ನಾಳವೂ ಕಟ್ಟಿಕೊಳ್ಳುತ್ತದೆ, ಅಂಥವರಿಗೆ ತಾನು ಕೈ ಹಾಕುವುದಿಲ್ಲ. ವೇಪ್ ಬೇಕಾದರೆ ಎಳೆಯಲಿ, ಬೆಂಕಿ ಹೊತ್ತಿಸುವ ಯಾವುದೂ ಬೇಡ. ಸೆಪ್ಟೆಂಬರ್ ಹನ್ನೊಂದಕ್ಕೆ ಉಸಿರು ಪರೀಕ್ಷೆ, ಹದಿನೆಂಟಕ್ಕೆ ಶಸ್ತ್ರಚಿಕಿತ್ಸೆ. ಉಸಿರಿನಲ್ಲಿ ಹೊಗೆ ಸಿಕ್ಕರೆ ಮಂಡಿಯ ಕೆಳಗೆ ಕತ್ತರಿಸುವುದೊಂದೇ ದಾರಿ.

ನೆವಿಲ್ ದಿನಕ್ಕೆ ನಲವತ್ತು ಸೇದುತ್ತಿದ್ದವನು. ಮೈಗೆ ಅಂಟಿಸುವ ಪಟ್ಟಿ ಬಂತು, ಜಗಿಯುವ ಗಮ್ ಬಂತು, ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಫೆಬ್ರವರಿಯಲ್ಲಿ ಈ ಎಳೆದು ಬಿಸಾಕುವ ವೇಪ್ ಬಂದಮೇಲೆಯೇ ಸಿಗರೇಟು ನಿಂತದ್ದು. ಒಂದು ಕೈಯವನಿಗೆ ಹೇಳಿ ಮಾಡಿಸಿದ್ದು ಅದು. ತುಂಬುವಂತಿಲ್ಲ, ಒತ್ತುವಂತಿಲ್ಲ, ಬಾಯಿಗಿಟ್ಟರೆ ಬಂತು. ಲೊರೇನ್ ಬೆಳಿಗ್ಗೆ ಆರಕ್ಕೆ ಮೀನಿನ ಕಾರ್ಖಾನೆಯಲ್ಲಿರಬೇಕು, ಮರಳುವುದು ಮಧ್ಯಾಹ್ನ ಎರಡೂವರೆಗೆ. ಅಷ್ಟು ಹೊತ್ತೂ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬನೇ. ಆ ಒಂಬತ್ತು ಗಂಟೆ ಕೈ ಕೊಡದಂಥ ವೇಪ್ ಬೇಕಿತ್ತು ಅವಳಿಗೆ. ಉಳಿದಿದ್ದವು ಹನ್ನೊಂದು, ಅಂದರೆ ಹೆಚ್ಚೆಂದರೆ ಎರಡು ವಾರ.

ಮರುದಿನ ಕೆಲಸ ಮುಗಿಸಿದವಳು ಮನೆಗೆ ಹೋಗದೆ ನೇರ ಗ್ರಾಂಟ್‌ನ ವೇಪ್ ಅಂಗಡಿಗೆ ಹೋದಳು. ಗ್ರಾಂಟ್ ಮೊದಲು ವೆಲ್ಡಿಂಗ್ ಮಾಡುತ್ತಿದ್ದವನು, ಎರಡೂ ತೋಳು ತುಂಬ ಹಚ್ಚೆ, ಮಾತು ಮಾತ್ರ ನರ್ಸಮ್ಮನದು.

"ಏನೂ ಮಾಡೋದು ಬೇಡದಂಥದ್ದು ಕೊಡು," ಎಂದಳು ಲೊರೇನ್. "ತುಂಬೋದು ಬೇಡ, ತೊಳೆಯೋದು ಬೇಡ, ಬಿಚ್ಚೋದು ಬೇಡ."

"ಅಂಥದ್ದನ್ನೇ ಅಲ್ವ ಚಿನ್ನ ಸರ್ಕಾರ ನಿಲ್ಸಿರೋದು."

"ಅದಕ್ಕೇ ನಿನ್ನ ಹತ್ರ ಬಂದೆ. ಸರ್ಕಾರದ ಮನೆಗೆ ಇಲ್ಲಿಂದ ಬಸ್ಸಿಲ್ಲ."

ಗ್ರಾಂಟ್ ನಕ್ಕ. "ನೆವಿಲ್‌ನ ಕರ್ಕೊಂಡು ಬಾ. ಅವನೇ ಕೈಯಲ್ಲಿ ಹಿಡಿದು ನೋಡ್ಲಿ. ಎಳೆಯೋನು ಅವನು ತಾನೆ?"

"ನಿನ್ನ ಬಾಗಿಲ ಮೆಟ್ಟಿಲು ನೋಡಿದ್ದೀಯ? ಗಾಲಿಕುರ್ಚಿ ಹತ್ತುತ್ತಾ?"

"ನಾನು ಎತ್ಕೊಂಡು ಬರ್ತೀನಿ ಬಿಡು."

"ಎತ್ತಿಸ್ಕೊಳ್ಳೋ ಗಂಡಸಲ್ಲ ಅವನು. ನಂಗೊತ್ತು ಅವನಿಗೇನು ಬೇಕು ಅಂತ. ನನಗೆ ತೋರ್ಸು."

ಮೆಟ್ಟಿಲು ಒಂದು ನೆಪ. ಈ ಎರಡು ವರ್ಷದಲ್ಲಿ ನೆವಿಲ್‌ಗೆ ಯಾವ ಅಂಗಿ, ಯಾವ ಸೂಪು, ಟಿವಿಯಲ್ಲಿ ಯಾವ ಕಾರ್ಯಕ್ರಮ ಎಂಬುದನ್ನೆಲ್ಲ ಅವಳೇ ಗೊತ್ತುಮಾಡಿಕೊಂಡು ಬಂದಿದ್ದಳು. ಕೇಳಿದರೆ ಅವನು "ನಿನ್ನಿಷ್ಟ" ಎನ್ನುತ್ತಿದ್ದ. ಹತ್ತು ಸಲ "ನಿನ್ನಿಷ್ಟ" ಕೇಳಿದ ಮೇಲೆ ಹನ್ನೊಂದನೆಯ ಸಲ ಯಾರು ಕೇಳುತ್ತಾರೆ? ಬೆಳಿಗ್ಗೆ ನಾಲ್ಕೂವರೆಗೆ ಏಳುವವಳಿಗೆ ಅಷ್ಟು ವ್ಯವಧಾನವೂ ಇರಲಿಲ್ಲ.

ಮೊದಲು ತಂದದ್ದು ಸೀಸೆಯಿಂದ ರಸ ತುಂಬಿಕೊಳ್ಳುವ ಚಿಕ್ಕ ವೇಪ್. ಗ್ರಾಂಟ್‌ನ ಮೇಜಿನ ಮೇಲೆ ನೋಡಿದಾಗ ಸಲೀಸೆನಿಸಿತ್ತು. ಆದರೆ ರಸದ ಸೀಸೆಗೆ ಮಕ್ಕಳು ತೆಗೆಯದಂಥ ಮುಚ್ಚಳ. ಕೆಳಕ್ಕೆ ಒತ್ತಿ ಹಿಡಿದು ತಿರುಗಿಸಬೇಕು. ಒಂದು ಕೈ ಇರುವವನಿಗೂ ಮಗುವಿಗೂ ಆ ಮುಚ್ಚಳ ಯಾವ ಭೇದವನ್ನೂ ಮಾಡುವುದಿಲ್ಲ. ನೆವಿಲ್ ಸೀಸೆಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಒತ್ತಿದ, ಅದು ಹಾರಿ ಟಿವಿಗೆ ಬಡಿಯಿತು. ಮರುದಿನದಿಂದ ಲೊರೇನ್ ಮುಚ್ಚಳ ಸಡಿಲಮಾಡಿಟ್ಟು ಹೋಗತೊಡಗಿದಳು. ಆಗ ಅವನು ತುಂಬುವ ತೂತನ್ನು ಬಿಟ್ಟು ಗಾಳಿಯ ತೂತಿಗೆ ರಸ ಹಿಂಡಿದ. ಎಳೆದರೆ ಹೊಗೆಯ ಬದಲು ಕಹಿ ರಸವೇ ಗಂಟಲಿಗೆ ಇಳಿಯಿತು. ಅವಳು ಮನೆಗೆ ಬಂದಾಗ ಅವನು ಬಕೆಟ್ಟು ಹಿಡಿದು ಕುಳಿತಿದ್ದ, ಮುಖ ಸುಣ್ಣ ಬಳಿದಂತಾಗಿತ್ತು, ಬಿಕ್ಕಳಿಕೆ ನಿಂತಿರಲಿಲ್ಲ.

"ಸಮುದ್ರದಲ್ಲಿ ಮೂವತ್ತು ವರ್ಷ," ಎಂದ ನೆವಿಲ್, "ಒಂದು ಸಲಾನೂ ವಾಂತಿ ಮಾಡ್ಕೊಂಡಿಲ್ಲ. ನಿನ್ನ ಮಾವಿನ ಹಣ್ಣಿನ ರಸ ಮಾಡಿಸ್ತು ನೋಡು."

ಎರಡನೆಯದು ದೊಡ್ಡ ಟ್ಯಾಂಕಿನದು. ಮೂರು ದಿನಕ್ಕೊಮ್ಮೆ ಲೊರೇನ್ ತುಂಬಿಟ್ಟರೆ ಸಾಕು, ಅವನು ಸುಮ್ಮನೆ ಎಳೆಯುವುದು. ಅದಕ್ಕೊಂದು ಗುಂಡಿ ಇತ್ತು. ಐದು ಸಲ ಒತ್ತಿದರೆ ಆನ್, ಮತ್ತೆ ಐದು ಸಲ ಒತ್ತಿದರೆ ಆಫ್, ಮೂರು ಸಲ ಒತ್ತಿದರೆ ಬಿಸಿ ಹೆಚ್ಚು. ನೆವಿಲ್ ನಾಲ್ಕು ಒತ್ತಿ ನಿಲ್ಲಿಸುತ್ತಿದ್ದ, ಆರು ಒತ್ತುತ್ತಿದ್ದ, ಒಮ್ಮೆ ಮೂರೇ ಒತ್ತಿ ಗಂಟಲು ಸುಟ್ಟುಕೊಂಡ. ಅದನ್ನಾದರೂ ಹೇಗೋ ರೂಢಿ ಮಾಡಿಕೊಂಡನೆನ್ನಿ. ಒಳಗೆ ರಸ ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್, ಬದಲಿಸುವ ದಿನ ಬಂತು. ಹೊಸ ಕಾಯಿಲ್‌ನೊಳಗಿನ ಹತ್ತಿ ರಸ ಕುಡಿಯುವುದಕ್ಕೆ ಹತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ ಎಂದು ಗ್ರಾಂಟ್ ಬೆರಳೆತ್ತಿ ಹೇಳಿದ್ದ. ಬೆಳಿಗ್ಗೆ ಐದೂಕಾಲಕ್ಕೆ, ಬಸ್ಸಿಗೆ ನಾಲ್ಕು ನಿಮಿಷ ಇರುವಾಗ ಬದಲಿಸಿದವಳಿಗೆ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು? ಕೈಗಿಟ್ಟು ಓಡಿದಳು. ಮೊದಲ ಎಳೆತಕ್ಕೇ ಹತ್ತಿ ಸುಟ್ಟಿತು. ಸುಟ್ಟ ಹತ್ತಿಯ ಹೊಗೆ ಕುಡಿದವರಿಗೇ ಗೊತ್ತು ಅದರ ರುಚಿ.

ಆ ಮಧ್ಯಾಹ್ನ ಅವಳು ಬೀದಿಯ ತಿರುವಿಗೆ ಬಂದಾಗಲೇ ಕಂಡದ್ದು, ಮನೆಯ ಮುಂಬಾಗಿಲು ತೆರೆದಿರುವುದು. ಗಾಲಿಕುರ್ಚಿ ಹೊಸ್ತಿಲಿಗೆ ಅಡ್ಡ ಸಿಕ್ಕಿಕೊಂಡಿತ್ತು, ಅದರಲ್ಲಿ ನೆವಿಲ್, ಮೊಣಕೈಗೆ ಗೋಡೆ ತರಚಿ ರಕ್ತ. ಓಡಿ ಬಂದವಳು ಮೊದಲು ಮಾಡಿದ್ದು ಅವನ ಬಾಯಿ ಮೂಸಿ ನೋಡಿದ್ದು.

"ಯಾರು ಕೊಟ್ರು?"

"ಯಾರೂ ಕೊಡ್ಲಿಲ್ಲ. ಬೆಳಿಗ್ಗೆಯಿಂದ ಕೂತಿದ್ದೀನಿ. ಬೀದಿಗೆಲ್ಲ ಡಂಗುರ ಹೊಡೆಸಿದ್ದೀಯಂತಲ್ಲ, ನೆವಿಲ್‌ಗೆ ಸಿಗರೇಟು ಕೊಟ್ರೆ ಜೋಕೆ ಅಂತ. ಪೋಸ್ಟಿನವನು ಕೂಡ ನಂಗೆ ಬುದ್ಧಿ ಹೇಳಿ ಹೋದ. ಇಪ್ಪತ್ತೆರಡು ವರ್ಷದ ಹುಡುಗಿ ಒಬ್ಳು ಬಂದ್ಲು, ಅವಳೂ ಹೇಳಿದ್ಲು."

"ಕಾಲು ಬೇಕೋ ಬೇಡ್ವೋ ನಿಂಗೆ?"

"ಬೇಕು ಲೊರೇನ್. ಆದ್ರೆ ಕಾಲು ಸೆಪ್ಟೆಂಬರಿನ ವಿಷ್ಯ. ಇದು ಇವತ್ತಿನ ವಿಷ್ಯ."

ಕುರ್ಚಿಯನ್ನು ಹೊಸ್ತಿಲಿನಿಂದ ಬಿಡಿಸಿ ಒಳಗೆ ತಳ್ಳಿದವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಆ ಅಳುವಿನಲ್ಲಿ ಕನಿಕರಕ್ಕಿಂತ ಸಿಟ್ಟೇ ಹೆಚ್ಚಿತ್ತು. ತಾನು ಹಿಮದಷ್ಟು ತಣ್ಣಗಿನ ಮೀನಿನಲ್ಲಿ ಕೈ ಮರಗಟ್ಟಿಸಿಕೊಂಡು ದುಡಿದು, ಕಾಯಿಲ್ಲು ಗೀಯಿಲ್ಲು ಅಂತ ಅಂಗಡಿ ಅಲೆದು, ಇಷ್ಟೆಲ್ಲ ಮಾಡಿ, ಕೊನೆಗೆ ಇವನ ಕಾಲು ಒಂದು ಚಿಟಿಕೆ ಹತ್ತಿಯಲ್ಲಿ ಸುಟ್ಟುಹೋಗಬೇಕೆ? ಕಪ್ಪು ಬೆರಳುಗಳ ಪಟ್ಟಿ ಬಿಚ್ಚಿ ತೊಳೆಯುವಾಗ ಆ ದಿನ ಅವಳ ಕೈ ಒರಟಾಯಿತು. ನೆವಿಲ್ ಹಲ್ಲು ಕಚ್ಚಿಕೊಂಡ.

ಮರುದಿನ ಗ್ರಾಂಟ್‌ನ ಮುಂದೆ ದೊಡ್ಡ ವೇಪನ್ನು ಕುಕ್ಕಿದಳು. "ಇದನ್ನ ನೀನೇ ಇಟ್ಕೋ."

ಗ್ರಾಂಟ್ ಎಲ್ಲ ಕೇಳಿಸಿಕೊಂಡ. ಕೇಳಿ, ತಲೆ ಕೆರೆದುಕೊಂಡು, "ಒಂದು ಮಾತು ಹೇಳ್ತೀನಿ, ಬೈಬೇಡ," ಎಂದ. "ನೆವಿಲ್ ಇಡೀ ದಿನ ಏನು ಮಾಡ್ತಾನೆ?"

"ಏನು ಮಾಡೋಕಾಗುತ್ತೆ ಅವನಿಗೆ? ಕೂತಿರ್ತಾನೆ."

"ಕೆಲವು ಗಂಡಸರಿಗೆ ಸ್ವಲ್ಪ ಕೈಕೆಲಸ ಇದ್ರೇನೇ ಸಮಾಧಾನ ಆಗೋದು. ನನ್ನ ಹತ್ರ ಬರೋ ಹಳಬರಲ್ಲಿ ಅರ್ಧ ಜನ ತಾವೇ ತಂತಿ ಸುತ್ತಿ, ಹತ್ತಿ ಇಟ್ಟು ಮಾಡ್ಕೋತಾರೆ. ಅದಕ್ಕೊಂದು ಹಿಡಿಕೆ ಬರುತ್ತೆ, ಮೇಜಿಗೆ ಕಚ್ಚಿಸೋದು. ಒಂದು ಕೈಯಲ್ಲೂ ಮಾಡ್ಬಹುದೇನೋ, ನಿಧಾನಕ್ಕೆ…"

"ಒಂದು ಕೈಯವನಿಗೆ ಕೈಕೆಲಸ!" ಲೊರೇನ್ ಜೋರಾಗಿ ನಕ್ಕಳು, ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡುವಷ್ಟು ಜೋರಾಗಿ. "ಸೀಸೆ ಮುಚ್ಚಳ ತೆಗೆಯೋಕಾಗದೆ ಬಕೆಟ್ಟು ಹಿಡಿದು ಕೂತವನು ಕಣೋ. ಅವನಿಗೆ ಯಾವ ಗೋಜೂ ಬೇಡ. ನನಗೂ ಬೇಡ. ಎಲ್ಲಕ್ಕಿಂತ ಸುಲಭದ್ದು ಯಾವುದು, ಅದು ಕೊಡು."

ಗ್ರಾಂಟ್ ಗಾಜಿನ ಕೆಳಗಿನಿಂದ ಮೂರನೆಯದನ್ನು ತೆಗೆದ. ಬೆರಳುದ್ದದ ಬ್ಯಾಟರಿ, ಅದರ ತಲೆಗೆ ರಸ ತುಂಬಿಯೇ ಬರುವ ಪಾಡ್ ಎಂಬ ಪುಟ್ಟ ಡಬ್ಬಿ. ಹತ್ತಿರ ಹಿಡಿದರೆ ಅಯಸ್ಕಾಂತ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಗುಂಡಿ ಇಲ್ಲ, ಬದಲಿಸುವ ಕಾಯಿಲ್ ಇಲ್ಲ, ಸೀಸೆ ಇಲ್ಲ. ಮುಗಿದರೆ ಕಿತ್ತು ಇನ್ನೊಂದನ್ನು ತೋರಿಸಿದರಾಯಿತು. ಪಾಡ್‌ನ ಬಾಯಿಗಿರುವ ರಬ್ಬರಿನ ಬಿರಡೆ ಒಂದನ್ನು ಕೀಳುವುದಕ್ಕೆ ಮಾತ್ರ ಎರಡು ಕೈ ಬೇಕು. ಅದನ್ನು ಲೊರೇನ್ ಬೆಳಿಗ್ಗೆಯೇ ಕಿತ್ತಿಡಬಹುದು.

"ವೇಪ್ ಅನ್ನೋದು ಇದಕ್ಕಿಂತ ಸುಲಭ ಆಗೋಕೆ ಸಾಧ್ಯ ಇಲ್ಲ," ಎಂದ ಗ್ರಾಂಟ್.

ನಿಜವೇ ಆಯಿತು. ಆರು ವಾರ ಅದು ಒಂದು ದಿನವೂ ಕೈ ಕೊಡಲಿಲ್ಲ. ಲೊರೇನ್ ಹೊರಡುವ ಮುಂಚೆ ಮೊಟ್ಟೆ ಇಡುವ ಮೂರು ಬಟ್ಟಲಿನಲ್ಲಿ ಮೂರು ಪಾಡ್ ನಿಲ್ಲಿಸಿಟ್ಟು ಹೋಗುವಳು, ಬಂದಾಗ ಮೂರೂ ಖಾಲಿ. ಬ್ಯಾಟರಿಯನ್ನೂ ತಾನೇ ತಂತಿಗೆ ಸಿಕ್ಕಿಸಿ ತುಂಬಿಸುವಳು. ನೆವಿಲ್‌ಗೆ ಬೆರಳು ಅಲ್ಲಾಡಿಸುವ ಕೆಲಸವೂ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಅವಳು ವೇಪ್‌ಗಳ ವಿಷಯದಲ್ಲಿ ದೊಡ್ಡ ಪಂಡಿತೆಯಾಗಿಬಿಟ್ಟಳು. ಊಟದ ಬಿಡುವಿನಲ್ಲಿ ಯಾರಾದರೂ ಸೋರುತ್ತದೆ ಎಂದು ಗೊಣಗಿದರೆ, "ನಿಂಗ್ಯಾಕೆ ಬೇಕು ಆ ಗೋಜೆಲ್ಲ? ಪಾಡ್ ತಗೊ," ಎಂದು ತೀರ್ಪು ಕೊಡುವಳು. ಗುರುವಾರಗಳಂದು ನೆವಿಲ್‌ನ ಹಳೆಯ ಹಡಗಿನ ಜೊತೆಗಾರ ಕ್ಲಿಫ್ ಪತ್ರಿಕೆ ಹಿಡಿದುಕೊಂಡು ಬಂದು ಕೂರತೊಡಗಿದ. ಅವನಿಗೊಂದು ಜೊತೆಯೂ ಆಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಕಾಲು ಉಳಿಯುತ್ತದೆ ಎಂದು ಅವಳು ಮೊದಲ ಬಾರಿಗೆ ನಂಬಿದ್ದು ಆ ಆಗಸ್ಟಿನಲ್ಲಿ.

ಸೆಪ್ಟೆಂಬರ್ ಹನ್ನೊಂದಕ್ಕೆ ರಜೆ ಹಾಕಿದಳು. ಬೆಳಿಗ್ಗೆ ನೆವಿಲ್‌ನ ಗಡ್ಡ ಹೆರೆದು, ಬಿಳಿ ಅಂಗಿ ತೊಡಿಸಿ, ಕೂರಿಸಿ, ತಾನು ಸ್ನಾನಕ್ಕೆ ಹೋಗಿ ಬಂದಳು. ಟ್ಯಾಕ್ಸಿಯಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಹೆದರಿದ್ದಾನೆ ಎಂದುಕೊಂಡು ಅವಳು ಅವನ ತೊಡೆ ತಟ್ಟಿದಳು.

ಆಸ್ಪತ್ರೆಯಲ್ಲಿ ಸಿಗರೇಟು ಬಿಡಿಸುವ ಕೋಣೆಯ ಅಬೀನಾ ಎಂಬಾಕೆ ಅವರಿಗೆ ಮೊದಲಿನಿಂದ ಪರಿಚಯ. ವೇಪ್ ಹಿಡಿಸಿದವಳೂ ಅವಳೇ. ಬೆಂಕಿಯ ಹೊಗೆಯ ವಿಷಗಾಳಿಯನ್ನಷ್ಟೇ ಅಳೆಯುವ ಅಂಗೈಯಗಲದ ಯಂತ್ರಕ್ಕೆ ಕಾಗದದ ಕೊಳವೆ ಸಿಕ್ಕಿಸಿ ನೆವಿಲ್‌ನ ಮುಂದೆ ಹಿಡಿದಳು.

"ಗೊತ್ತಲ್ಲ ನೆವಿಲ್? ಉಸಿರು ಎಳ್ಕೊಂಡು ಹದಿನೈದು ಎಣಿಸೋವರೆಗೂ ಹಿಡ್ಕೊಳ್ಳಿ, ಆಮೇಲೆ ಮೆಲ್ಲಗೆ ಊದಿ. ಆರರ ಒಳಗೆ ಹಸಿರು ಬಂದ್ರೆ ಮುಗೀತು."

ನೆವಿಲ್ ಊದಿದ. ಅಂಕಿ ಒಂದರಿಂದ ಏರತೊಡಗಿತು. ನಾಲ್ಕು, ಆರು, ಒಂಬತ್ತು. ಹಸಿರು ದೀಪ ಹಳದಿಯಾಯಿತು, ಹಳದಿ ಕೆಂಪಾಯಿತು. ಹದಿಮೂರಕ್ಕೆ ನಿಂತಿತು.

"ನಿಮ್ಮ ಯಂತ್ರ ಕೆಟ್ಟಿದೆ," ಎಂದಳು ಲೊರೇನ್ ತಕ್ಷಣ.

"ಇನ್ನೊಂದು ಸಲ ನೋಡೋಣ," ಎಂದಳು ಅಬೀನಾ. ಹದಿಮೂರೇ ಬಂತು.

"ಹಾಗಾದ್ರೆ ನಮ್ಮ ಗ್ಯಾಸ್ ಒಲೆ. ಮುಂದಿನ ಕೋಣೇಲಿ ಗೋಡೆಗೆ ಚಳಿ ಕಾಯಿಸ್ಕೊಳ್ಳೋ ಗ್ಯಾಸಿನ ಬೆಂಕಿ ಇದೆ, ಹಳೇದು. ಅದರ ಹೊಗೆ ಮನೆಯೊಳಗೆ ತುಂಬ್ಕೊಂಡಿರುತ್ತೆ. ಪೇಪರಲ್ಲಿ ಬಂದಿತ್ತು, ಒಂದು ಮನೆಯವರೆಲ್ಲ ಹಾಗೇ ಸತ್ತಿದ್ರಂತೆ. ಇವನು ಇಡೀ ದಿನ ಅದರ ಪಕ್ಕದಲ್ಲೇ ಕೂತಿರ್ತಾನೆ!" ಮಾತಿನ ಮೇಲೆ ಮಾತು ಬರುತ್ತಿತ್ತು ಅವಳಿಗೆ. "ಇವನು ಸೇದಿಲ್ಲ, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀನಿ. ದಿನಕ್ಕೆ ಮೂರು ಪಾಡ್ ಖಾಲಿ ಮಾಡ್ತಾನೆ. ನನ್ನನ್ನ ಊದಿಸಿ ನೋಡಿ. ಅದೇ ಮನೇಲಿ ನಾನೂ ಇದ್ದೀನಿ, ಅದೇ ಗಾಳಿ ಕುಡೀತೀನಿ, ಹುಟ್ಟಿದಾಗಿಂದ ಒಂದು ಸಿಗರೇಟು ಮುಟ್ಟಿಲ್ಲ. ನನ್ನದೂ ಕೆಂಪೇ ಬರುತ್ತೆ ನೋಡಿ!"

"ಲೊರೇನ್," ಎಂದ ನೆವಿಲ್. "ಬೇಡ."

ಅವಳಿಗೆ ಅದು ಕಿವಿಗೆ ಬೀಳಲಿಲ್ಲ. ಅಬೀನಾ ಹೊಸ ಕೊಳವೆ ಸಿಕ್ಕಿಸಿ ಕೊಟ್ಟಳು. ಲೊರೇನ್ ಎದೆ ತುಂಬ ಉಸಿರೆಳೆದುಕೊಂಡು, ಮನೆಯೊಳಗೆ ವಿಷದ ಗಾಳಿಯೇ ಇರಲಿ ದೇವರೇ ಎಂದು ಬೇಡಿಕೊಳ್ಳುತ್ತ ಹದಿನೈದರವರೆಗೆ ಎಣಿಸಿ, ಊದಿದಳು. ಹಸಿರು ದೀಪ. ಒಂದು. ಇನ್ನೂ ಊದಿದಳು, ಕಣ್ಣು ಕತ್ತಲಿಡುವವರೆಗೂ ಊದಿದಳು. ಒಂದೇ.

ಗಂಡನ ಪರವಾಗಿ ವಾದಿಸಲು ಹೋದವಳು ತಾನೇ ಅವನ ವಿರುದ್ಧ ಸಾಕ್ಷಿ ಹೇಳಿದಂತಾಗಿತ್ತು.

ಅಬೀನಾ ಒಳ್ಳೆಯ ಹೆಂಗಸು. ಬಾಗಿಲ ಹೊರಗೆ ಹೋಗಿ ಶಸ್ತ್ರಚಿಕಿತ್ಸಕನ ಕಚೇರಿಗೆ ಫೋನು ಹಚ್ಚಿದಳು, ಬಹಳ ಹೊತ್ತು ಮಾತಾಡಿದಳು, ಎರಡು ಸಲ ಅವಳ ದನಿ ಏರಿದ್ದೂ ಒಳಗೆ ಕೇಳಿಸಿತು. ಮರಳಿ ಬಂದು ಲೊರೇನ್‌ಳ ಪಕ್ಕದಲ್ಲೇ ಕುಳಿತಳು.

"ನಾಲ್ಕು ವಾರ ಬಿಟ್ಟು ಮತ್ತೆ ಉಸಿರು ಪರೀಕ್ಷೆ ಮಾಡಿಸಿ ಅಂತಾರೆ."

"ಬೆರಳು ನಾಲ್ಕು ವಾರ ಕಾಯುತ್ತಾ?"

"ಇಲ್ಲ. ಅದನ್ನೂ ಹೇಳಿದ್ರು. ಹದಿನೆಂಟನೇ ತಾರೀಕು ಹಾಗೇ ಇರುತ್ತಂತೆ." ಅಬೀನಾ ನೆವಿಲ್‌ನತ್ತ ತಿರುಗಿ, ಅವನ ಮುಖ ನೋಡಿಯೇ ಹೇಳಿದಳು. "ಕೆಲಸ ಮಾತ್ರ ಬೇರೆ. ಮಂಡಿಯ ಕೆಳಗೆ. ನನ್ನ ಕೈಲಾದಷ್ಟು ಕೇಳ್ಕೊಂಡೆ ನೆವಿಲ್."

"ನಿನ್ನ ತಪ್ಪೇನಿಲ್ಲ ಚಿನ್ನ," ಎಂದ ನೆವಿಲ್.

ಗಾಲಿಕುರ್ಚಿ ತಳ್ಳಿಕೊಂಡು ಲೊರೇನ್ ಹೊರಗೆ ಬಂದಳು. ಕಾರು ನಿಲ್ಲಿಸುವ ಜಾಗ ದಾಟಿ, ಬಸ್ಸು ನಿಲ್ಲುವ ಕಡೆ ಹೋಗುವ ದಾರಿಯಲ್ಲಿ, ಗೇಟಿನ ಆಚೆ ಒಂದು ಬೆಂಚು. ನದಿಯ ಕಡೆಯಿಂದ ಗಾಳಿ ರಪರಪ ಬೀಸುತ್ತಿತ್ತು. ಕುರ್ಚಿಯ ಬ್ರೇಕು ಹಾಕಿ ಬೆಂಚಿನ ಮೇಲೆ ಕುಳಿತಳು. ಬಯ್ಯಬೇಕು ಎಂದುಕೊಂಡೇ ಕುಳಿತದ್ದು, ಬೈಗುಳ ಬಾಯಿಗೆ ಬರಲಿಲ್ಲ.

"ಎಷ್ಟು ದಿನದಿಂದ?"

"ಜುಲೈ ಕೊನೆಯಿಂದ. ಕ್ಲಿಫ್ ಹತ್ರ ತಂಬಾಕು ತರಿಸ್ದೆ. ಅವನ ಮೇಲೆ ಹೋಗ್ಬೇಡ, ನಾನೇ ಕಾಡಿದ್ದು."

"ವಾಸನೆ ಬರ್ಲಿಲ್ವಲ್ಲ ನಂಗೆ."

"ನಿಂಗೆ ಯಾವ ವಾಸನೆ ಬರುತ್ತೆ ಲೊರೇನ್? ಇಪ್ಪತ್ತೈದು ವರ್ಷ ಮೀನಲ್ಲಿ ನಿಂತಿದ್ದೀಯ. ಹಿಂದಿನ ಬಾಗಿಲು ತೆಗೆದು ಹೊರಗೆ ಊದ್ತಿದ್ದೆ. ನೀನಾದ್ರೋ ಬಂದ ತಕ್ಷಣ ಮೀನಿನ ವಾಸನೆ ತೊಳ್ಕೊಳ್ಳೋಕೆ ಸ್ನಾನಕ್ಕೆ ಹೋಗ್ತಿದ್ದೆ."

"ಪಾಡ್ ಖಾಲಿ ಆಗ್ತಿತ್ತಲ್ಲ!"

"ಅದನ್ನೂ ಎಳೀತಿದ್ದೆ. ಮೂರೂ ಖಾಲಿ ಇದ್ರೆ ನಿನ್ನ ಮುಖ ಎಷ್ಟು ಅರಳೋದು. ಅದಕ್ಕೇ ಕೂತು ಎಳ್ದು ಮುಗಿಸ್ತಿದ್ದೆ."

ಲೊರೇನ್‌ಳಿಗೆ ಅವನನ್ನು ಕುರ್ಚಿ ಸಮೇತ ನದಿಗೆ ನೂಕಿಬಿಡುವಷ್ಟು ದ್ವೇಷ ಬಂತು. "ಯಾಕೆ? ಅದರಲ್ಲಿ ಏನು ಕಮ್ಮಿ ಇತ್ತು? ಊರೆಲ್ಲ ಅಲೆದು ತಂದೆನಲ್ಲೋ, ನಿಂಗೆ ಒಂದು ಬೆರಳೂ ನೋಯಬಾರ್ದು ಅಂತ."

"ಏನೂ ಕಮ್ಮಿ ಇರ್ಲಿಲ್ಲ. ಒಳ್ಳೇ ವೇಪು. ಅದಕ್ಕೆ ನಾನು ಏನೂ ಮಾಡ್ಬೇಕಾಗಿರ್ಲಿಲ್ಲ, ಅಷ್ಟೆ." ನೆವಿಲ್ ಬಲಗೈಯನ್ನು ಎತ್ತಿ ತೋರಿಸಿದ. "ಬೆಳಿಗ್ಗೆ ನೀನು ಬಟ್ಟೆ ಹಾಕ್ತೀಯ. ತುತ್ತು ಮಾಡಿಟ್ಟು ಹೋಗ್ತೀಯ. ಒಂಬತ್ತು ಗಂಟೆ ಈ ಕೈ ತೊಡೆ ಮೇಲೆ ಇರುತ್ತೆ, ನೋಡ್ತಾ ಇರ್ತೀನಿ. ಹಡಗಲ್ಲಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲೇ ಸುತ್ತಬೇಕು ಸಿಗರೇಟು. ಸುತ್ತುತ್ತಿದ್ವಿ, ಆ ಗಾಳೀಲೂ. ಇನ್ನೂ ಬರುತ್ತಾ ನೋಡೋಣ ಅಂತ ತಂಬಾಕು ತರಿಸ್ದೆ. ಬಂತು. ಮೊದಲನೇ ವಾರ ಸುಮ್ನೆ ಸುತ್ತಿ ಸುತ್ತಿ ಸಾಲಾಗಿ ಇಡ್ತಿದ್ದೆ, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಸೇದಿರ್ಲಿಲ್ಲ, ದೇವರಾಣೆ. ಎಷ್ಟು ದಿನ ಆಗುತ್ತೆ ಹಾಗೆ?"

ತಾನು ಅವನನ್ನು ಕೇಳಿರಲಿಲ್ಲ. ನೀನು ಯಾವುದು ಹಿಡಿಯುತ್ತೀಯ, ಕೈಗೆ ಯಾವುದು ಒಗ್ಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಗ್ರಾಂಟ್ ಕೇಳಿದ್ದಕ್ಕೂ ನಕ್ಕಿದ್ದಳು. ಅದೆಲ್ಲ ಈಗ ಗೊತ್ತಾಗಿ ಮಾಡುವುದೇನು?

"ಇವತ್ತಿನ ಪರೀಕ್ಷೆ ಗೊತ್ತಿತ್ತಲ್ಲ ನಿಂಗೆ," ಎಂದಳು, ದನಿ ಸತ್ತುಹೋಗಿತ್ತು.

"ಎರಡು ದಿನ ಬಿಟ್ರೆ ಉಸಿರು ಚೊಕ್ಕ ಆಗುತ್ತೆ ಅಂದಿದ್ದ ಕ್ಲಿಫ್. ಬಿಟ್ಟಿದ್ದೆ. ಸೋಮವಾರ ರಾತ್ರಿಯಿಂದ ಮುಟ್ಟಿರ್ಲಿಲ್ಲ. ಇವತ್ತು ನೀನು ಸ್ನಾನಕ್ಕೆ ಹೋದಾಗ…" ಅವನು ಅಂಗಿಯ ಗುಂಡಿ ತಿರುವಿದ. "ಕೊಯ್ತಾರಲ್ಲ ಅಂತ ಹೆದರಿಕೆ ಆಯ್ತು. ಪಾಡ್ ಎಳ್ದೆ, ಎಳ್ದೆ. ಕೈ ಸುಮ್ನಿರ್ಲಿಲ್ಲ. ಒಂದರ ಹಿಂದೆ ಒಂದು ಮೂರು ಸೇದ್ಬಿಟ್ಟೆ."

ಇಪ್ಪತ್ತು ನಿಮಿಷದ ಸ್ನಾನ. ಇವತ್ತು ರಜೆ, ಅವಸರವಿಲ್ಲ ಎಂದು ಅವಳು ಬಿಸಿನೀರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಅವನ ಪಕ್ಕ ಕುಳಿತು ಆ ಕೈ ಹಿಡಿದುಕೊಂಡಿದ್ದರೆ ದೀಪ ಹಸಿರಾಗಿಯೇ ಉಳಿಯುತ್ತಿತ್ತೇನೋ. ಲೊರೇನ್ ಬಾಯಿಗೆ ಕೋಟಿನ ತೋಳು ಒತ್ತಿಕೊಂಡಳು. ಅಳು ಬರಲಿಲ್ಲ.

ನೆವಿಲ್ ಕೋಟಿನ ಒಳಜೇಬಿಗೆ ಕೈ ಹಾಕಿದ. ತಗಡಿನ ಚಿಕ್ಕ ಡಬ್ಬಿ ಹೊರಬಂತು. ಅವಳತ್ತ ನೋಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ತೆರೆದ, ತೆಳ್ಳನೆಯ ಹಾಳೆಯನ್ನು ಬೆರಳುಗಳ ಸಂದಿಯಲ್ಲಿ ದೋಣಿಯಂತೆ ಬಗ್ಗಿಸಿದ, ಅದೇ ಕೈಯ ಕಿರುಬೆರಳಿನಿಂದ ತಂಬಾಕು ಚಿವುಟಿ ತುಂಬಿದ. ಗಾಳಿಗೆ ಒಂದು ಎಳೆಯೂ ಹಾರಲಿಲ್ಲ. ಸೀಸೆಯ ಮುಚ್ಚಳಕ್ಕೆ ಸೋತ ಕೈ, ಐದರವರೆಗೆ ಒತ್ತಲಾಗದ ಕೈ ಇದೇ. ಹೆಬ್ಬೆರಳು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಯಿತು, ನಾಲಿಗೆಗೆ ತಾಗಿಸಿ ಎಳೆದ, ಸಿಗರೇಟು ಸಿದ್ಧವಾಯಿತು. ಎಷ್ಟು ನೇರವಾಗಿತ್ತೆಂದರೆ ಲೊರೇನ್ ಕಣ್ಣು ಕೀಳದೆ ನೋಡಿದಳು. ಮದುವೆಗೆ ಮುಂಚೆ, ಬಂದರಿನ ಗೋಡೆಗೆ ಒರಗಿ ನಿಂತು ಸಿಗರೇಟು ಸುತ್ತುತ್ತಿದ್ದ ಗಂಡಸನ್ನು ಅವಳು ಇಷ್ಟೇ ಹೊತ್ತು ನೋಡಿದ್ದಿರಬೇಕು.

ಅವನು ಲೈಟರ್ ಗೀರಿದ. ಗಾಳಿ ಆರಿಸಿತು. ಮತ್ತೆ ಗೀರಿದ, ಮತ್ತೆ ಆರಿತು. ಮರೆ ಮಾಡಿಕೊಳ್ಳುವುದಕ್ಕೆ ಇನ್ನೊಂದು ಕೈ ಬೇಕಿತ್ತು. ಆ ಕೈ ತೊಡೆಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಐದನೆಯ ಸಲಕ್ಕೂ ಆರಿತು. ಸಿಗರೇಟು ತುಟಿಯಲ್ಲಿ ಜೋತಾಡುತ್ತಿತ್ತು, ಅವನು ಮುಖ ಆಚೆ ತಿರುಗಿಸಿಕೊಂಡ.

ಲೊರೇನ್ ಅವನ ಕೈಯಿಂದ ಲೈಟರ್ ತೆಗೆದುಕೊಂಡಳು. ಎಸೆಯುತ್ತಾಳೆಂದು ನೆವಿಲ್ ಕಣ್ಣು ಮುಚ್ಚಿದ. ಅವಳು ಬೆಂಚಿನಿಂದ ಎದ್ದು, ಗಾಳಿಗೆ ಬೆನ್ನು ಕೊಟ್ಟು ಅವನ ಮುಂದೆ ಬಗ್ಗಿ, ಮೀನು ಕೊಯ್ದು ಕೊಯ್ದು ಬಿರಿದಿದ್ದ ಅಂಗೈಯನ್ನು ಸಿಗರೇಟಿನ ಸುತ್ತ ಮರೆಮಾಡಿ ಹಿಡಿದಳು. ತುದಿ ಕೆಂಪಗೆ ಹೊತ್ತಿಕೊಳ್ಳುವವರೆಗೂ ಕೈ ತೆಗೆಯಲಿಲ್ಲ.